ಟ್ರೋಲಿಂಗ್ ಮೋಟಾರಿನ ಬ್ಯಾಟರಿ
ಟ್ರೋಲಿಂಗ್ ಮೋಟಾರು ಮೀನುಗಾರಿಕೆಯ ಸಣ್ಣ ದೋಣಿಯನ್ನು ಸದ್ದಿಲ್ಲದೆ ನಡೆಸುವ ವಿದ್ಯುತ್ ಯಂತ್ರ. ಇದಕ್ಕೆ ಹೆಚ್ಚಾಗಿ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯನ್ನು ಬಳಸಲಾಗುತ್ತದೆ. 100 ಆಂಪಿಯರ್-ಗಂಟೆಯ ಬ್ಯಾಟರಿಯು 25 ಆಂಪಿಯರ್ ಬಳಕೆಯಲ್ಲಿ ಲೆಕ್ಕಕ್ಕೆ 4 ಗಂಟೆ ಬರಬೇಕು. ಆದರೆ ಬಳಕೆಯ ದರ ಹೆಚ್ಚಿದಂತೆ ದೊರೆಯುವ ಒಟ್ಟು ವಿದ್ಯುತ್ತು ಕುಗ್ಗುತ್ತದೆ.

ನೀರಿನಲ್ಲಿ ದೋಣಿಯ ವೇಗವನ್ನು ಇಮ್ಮಡಿಗೊಳಿಸಲು ಸುಮಾರು ಎಂಟು ಪಟ್ಟು ಶಕ್ತಿ ಬೇಕು. ಆದ್ದರಿಂದ ಭದ್ರಾ ಜಲಾಶಯದ ನಿಂತ ನೀರಿಗಿಂತ ಭದ್ರಾವತಿಯಲ್ಲಿ ಭದ್ರಾ ನದಿಯ, ಶಿವಮೊಗ್ಗದಲ್ಲಿ ತುಂಗಾ ನದಿಯ ಸೆಳವಿಗೆ ಎದುರಾಗಿ ಸಾಗುವಾಗ ಬ್ಯಾಟರಿ ಬೇಗ ಬರಿದಾಗುತ್ತದೆ.

ಪೂರ್ಣ ಚಾರ್ಜಾಗಿ ಕೆಲವು ಗಂಟೆ ಬಿಟ್ಟ ಬ್ಯಾಟರಿಯು ಸುಮಾರು 12.7 ವೋಲ್ಟ್ ತೋರಿಸಬೇಕು. ಮೋಟಾರು ಓಡಿದೊಡನೆ ಅದು ತೀರಾ ಕುಸಿದರೆ ಬ್ಯಾಟರಿಯೇ ದುರ್ಬಲವಾಗಿರುತ್ತದೆ. ತಂತಿ ಬಿಸಿಯಾದರೆ ಅದು ತೆಳುವಾಗಿರುತ್ತದೆ ಅಥವಾ ಜೋಡಣೆ ಸಡಿಲವಾಗಿರುತ್ತದೆ. ಪ್ರೊಪೆಲ್ಲರಿಗೆ ಸುತ್ತಿಕೊಂಡ ಜೊಂಡು, ಬಲೆಯ ದಾರಗಳೂ ವಿದ್ಯುತ್ ಬಳಕೆಯನ್ನು ಹೆಚ್ಚಿಸುತ್ತವೆ. ಅರ್ಧದಷ್ಟು ಬರಿದಾಗುವ ಮೊದಲೇ ದಡಕ್ಕೆ ಮರಳಿ, ಅಂದೇ ಚಾರ್ಜ್ ಮಾಡಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.