ಹಣೆಪಟ್ಟಿ ಹಚ್ಚುವ ಕೈಗಳು: ಬೆಕರ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದ ಸಮಾಜಶಾಸ್ತ್ರ

ನಮ್ಮ ತರಗತಿಗಳಲ್ಲಿ ಸಮಾಜಶಾಸ್ತ್ರಜ್ಞ ಹೊವಾರ್ಡ್ ಎಸ್. ಬೆಕರ್ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತಾರೆ: ಕಳ್ಳನೆಂದು ಕರೆದರೆ ಮನುಷ್ಯ ಕಳ್ಳನೇ ಆಗುತ್ತಾನೆ ಎಂದವರು. ಅವರು ಹೇಳಿದ್ದು ಅದಲ್ಲ. 1963ರ 'ಔಟ್‌ಸೈಡರ್ಸ್' ಕೃತಿಯಲ್ಲಿ ಅವರು ಕೇಳಿದ್ದು ನಿಯಮ ಮಾಡುವವರು ಯಾರು, ಅದನ್ನು ಯಾರು ಯಾರ ಮೇಲೆ ಹೇರಿ ಹಣೆಪಟ್ಟಿ ಹಚ್ಚುತ್ತಾರೆ ಎಂದು. 1982ರ 'ಆರ್ಟ್ ವರ್ಲ್ಡ್ಸ್' ಅದೇ ಪ್ರಶ್ನೆಯನ್ನು ಕಲೆಗೆ ಹಾಕಿತು. ಬಣ್ಣ ತಯಾರಿಸುವವರು, ಮುದ್ರಕರು, ವಿಮರ್ಶಕರು, ಪ್ರೇಕ್ಷಕರು ಎಲ್ಲರೂ ಕೂಡಿದಾಗಲೇ ಕೃತಿ ಕಲೆಯಾಗುತ್ತದೆ ಎಂದಿತು. ವಿದ್ವಾಂಸರ ಬರಹ ಗಂಟುಗಂಟಾಗುವುದು ಪ್ರತಿಭೆಯ ಕೊರತೆಯಿಂದಲ್ಲ, ವಿಶ್ವವಿದ್ಯಾಲಯ ಎಂಬ ವ್ಯವಸ್ಥೆಯಿಂದ ಎಂದು 1986ರಲ್ಲಿ ಬಂದ, ಬರವಣಿಗೆಯನ್ನು ಕುರಿತ ಅವರ ಪುಸ್ತಕ ತೋರಿಸಿತು. ಮೂರರ ಹಿಂದೆಯೂ ಇರುವುದು ಒಂದೇ ವಿಚಾರ: ಹಣೆಪಟ್ಟಿಯಾಗಲಿ, ಕಲೆಯಾಗಲಿ, ಬರಹವಾಗಲಿ ಹಲವರು ಕೂಡಿ ಮಾಡುವ ಕೆಲಸ. ಅದು ಹುಟ್ಟಿದ್ದು ಷಿಕಾಗೊದಲ್ಲಿ, ನಿಜ. ಆದರೆ ಅದು ಗಟ್ಟಿಯಾದದ್ದು ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊಗಳಲ್ಲಿ ಎಂಬುದು ನನ್ನ ವಾದ.

ಬೆಕರ್‌ಗಿಂತ ಮೊದಲೇ, 1951ರಲ್ಲಿ, ಆಗ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎಡ್ವಿನ್ ಲೆಮರ್ಟ್ ಮೊದಲ ತಪ್ಪನ್ನೂ, ಸಮಾಜದ ಪ್ರತಿಕ್ರಿಯೆಯ ನಂತರ ರೂಪುಗೊಳ್ಳುವ ವಿಚಲನೆಯನ್ನೂ (ನಿಯಮ ಮೀರಿದ ನಡತೆಯನ್ನೂ) ಬೇರ್ಪಡಿಸಿದ್ದರು. 1954ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಬಂದ ಹೆರಾಲ್ಡ್ ಗಾರ್ಫಿಂಕೆಲ್ ಮನೋರೋಗ ಚಿಕಿತ್ಸಾಲಯದ ಕಡತಗಳು ಅಪೂರ್ಣವಾಗಿರುವುದಕ್ಕೆ ಆ ಸಂಸ್ಥೆಯ ಒಳಗೇ ಒಳ್ಳೆಯ ಕಾರಣಗಳಿವೆ ಎಂದು ತೋರಿಸಿದರು. ಹಾರ್ವೆ ಸ್ಯಾಕ್ಸ್ ಲಾಸ್ ಏಂಜಲೀಸ್‌ನ ಆತ್ಮಹತ್ಯೆ ತಡೆ ಕೇಂದ್ರದ ದೂರವಾಣಿ ಕರೆಗಳ ಧ್ವನಿಮುದ್ರಣಗಳಿಂದ ಸಂಭಾಷಣೆಯ ಅಧ್ಯಯನವನ್ನೇ ಕಟ್ಟಿದರು. ಮುಂದೆ ಸ್ಯಾನ್ ಡಿಯಾಗೊ ಸೇರಿದ ಆರನ್ ಸಿಕೊರೆಲ್ 1968ರಲ್ಲಿ ಕ್ಯಾಲಿಫೋರ್ನಿಯಾದ ಎರಡು ನಗರಗಳನ್ನು ಹೋಲಿಸಿದರು. ಬಾಲಾಪರಾಧಿಗಳ ಅಂಕಿಸಂಖ್ಯೆಯ ವ್ಯತ್ಯಾಸ ಹುಡುಗರ ನಡತೆಗಿಂತ ಪೊಲೀಸರು ಕೆಲಸ ಮಾಡುವ ಬಗೆಯಿಂದ ಬರುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಹಣೆಪಟ್ಟಿ ಎಂಬುದು ಬರಿಯ ಮಾತಲ್ಲ, ಮೇಜಿನ ಮೇಲೆ ದಿನವೂ ನಡೆಯುವ ಕೆಲಸ ಎಂದು ಮನದಟ್ಟಾದದ್ದು ಇಂಥ ಕೃತಿಗಳಿಂದ.

ಈ ಪರಂಪರೆಯಲ್ಲಿ ತೀರ ಕಡಿಮೆ ಓದಲ್ಪಟ್ಟವರು ಜೋಸೆಫ್ ಗಸ್‌ಫೀಲ್ಡ್. ಬೆಕರ್ ಅವರಂತೆ ಷಿಕಾಗೊದಲ್ಲಿ ತರಬೇತಿ ಪಡೆದ ಅವರು ಸ್ಯಾನ್ ಡಿಯಾಗೊದ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಕುಡಿದು ವಾಹನ ಓಡಿಸುವುದು ಹೇಗೆ ಒಂದು ಸಾರ್ವಜನಿಕ ಸಮಸ್ಯೆಯಾಗುತ್ತದೆ ಎಂಬ ಅವರ ಅಧ್ಯಯನ ಹುಟ್ಟಿದ್ದು ಸ್ಯಾನ್ ಡಿಯಾಗೊ ಕೌಂಟಿಯಲ್ಲಿ. ಪುಸ್ತಕ ಬಂದದ್ದು 1981ರಲ್ಲಿ. ಅಪಘಾತಕ್ಕೆ ವಾಹನದ ವಿನ್ಯಾಸ, ರಸ್ತೆ, ಬಸ್ಸಿಲ್ಲದ ಊರು ಹೀಗೆ ಹಲವು ಕಾರಣಗಳನ್ನು ಹೇಳಬಹುದಿತ್ತು. ಆದರೂ ಹೊಣೆಯೆಲ್ಲ ಚಾಲಕನೊಬ್ಬನ ನಡತೆಯ ಮೇಲೆ ಬಿದ್ದದ್ದು ಹೇಗೆ ಎಂದು ಅವರು ಕೇಳಿದರು. ಇನ್ನೂ ಮುಖ್ಯವಾದದ್ದು 1976ರ ಅವರ ಪ್ರಬಂಧ. ಇದೇ ವಿಷಯದ ವೈಜ್ಞಾನಿಕ ವರದಿಗಳನ್ನು ಅವರು ಸಾಹಿತ್ಯ ಕೃತಿಗಳಂತೆ ಓದಿದರು: ಲೇಖಕ ತನ್ನನ್ನು ಹೇಗೆ ಮರೆಮಾಡಿಕೊಳ್ಳುತ್ತಾನೆ, 'ಮಿತವಾಗಿ ಕುಡಿಯುವವನು' ಯಾವ ಹಂತದಲ್ಲಿ 'ಕುಡುಕ'ನಾಗಿ ಬದಲಾಗುತ್ತಾನೆ ಎಂದು ಸಾಲುಸಾಲಾಗಿ ಬಿಡಿಸಿದರು. ವಿದ್ವಾಂಸನ ವಾಕ್ಯವೂ ಹಣೆಪಟ್ಟಿ ಹಚ್ಚುವ ಕೈಗಳಲ್ಲಿ ಒಂದು ಎಂದು ಬೆಕರ್ ಅವರ ಬರವಣಿಗೆಯ ಪುಸ್ತಕಕ್ಕೆ ಹತ್ತು ವರ್ಷ ಮೊದಲೇ ಅದು ಸಾಧಿಸಿತ್ತು. ಈ ಶಾಲೆಯ ಅತ್ಯುತ್ತಮ ಬರಹ ಅದೇ ಎಂದು ನಾನು ತಿಳಿದಿದ್ದೇನೆ.

ಹಾಗಾದರೆ ಕೃತ್ಯಕ್ಕೆ ಬೆಲೆಯೇ ಇಲ್ಲವೇ, ಪೆಟ್ಟು ತಿಂದವನ ನೋವು ಸುಳ್ಳೇ ಎಂಬ ಆಕ್ಷೇಪ ಹಳೆಯದು, ತೂಕದ್ದು ಕೂಡ. ಕೃತ್ಯಕ್ಕೆ ಹಣೆಪಟ್ಟಿಯೇ ಕಾರಣವೆಂದು ತಾವು ಹೇಳಿಲ್ಲ ಎಂದು ಬೆಕರ್ ಸ್ಪಷ್ಟಪಡಿಸಿದ್ದರು. ಪೂರ್ಣ ಉತ್ತರ ಕೊಟ್ಟವರು ಲಾಸ್ ಏಂಜಲೀಸ್‌ನ ಜ್ಯಾಕ್ ಕಾಟ್ಜ್. 1988ರಲ್ಲಿ ಅವರು ಅಪರಾಧ ಎಸಗುವ ಗಳಿಗೆಯ ಸೆಳೆತವನ್ನೇ ವಿಶ್ಲೇಷಿಸಿದರು. ಕಲೆಯ ಕಡೆ ಮಾತ್ರ ಕೆಲಸ ತೆಳುವಾಗಿದೆ. ಇಟಲಿಯ ವಲಸಿಗ ಸೈಮನ್ ರೋಡಿಯಾ ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ 1921ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬರೇ ಕಟ್ಟಿದ ಗೋಪುರಗಳನ್ನು ಬೆಕರ್ ಕಲಾಲೋಕದ ಹೊರಗಿನ ಕೃತಿಗೆ ಉದಾಹರಣೆಯಾಗಿಸಿದರು. ನಗರಾಡಳಿತ ಅವನ್ನು ಅಪಾಯಕಾರಿ ಎಂದು ಕೆಡವಲು ಹೊರಟಿತ್ತು. 1959ರಲ್ಲಿ ಹತ್ತು ಸಾವಿರ ಪೌಂಡ್ ಬಲದಿಂದ ಎಳೆದು ಪರೀಕ್ಷಿಸಿದಾಗ ಗೋಪುರ ಉಳಿಯಿತು. 1990ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಕೆಡವಬೇಕಾದ ಕಟ್ಟಡ ಕಲೆಯಾದದ್ದು ಸಮಿತಿ, ಎಂಜಿನಿಯರ್, ಕಡತಗಳ ಮೂಲಕ. ವಿಚಲನೆ ಮತ್ತು ಕಲೆ ಎರಡನ್ನೂ ಒಟ್ಟಿಗೆ ಓದಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಕನ್ನಡದಲ್ಲಿ ಈ ವಿಚಾರವನ್ನು ವಿದೇಶಿ ಸಿದ್ಧಾಂತವೆಂದು ಬದಿಗಿಡುವ ಹಾಗಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ನೋಂದಾಯಿಸಲು ದಾರಿ ಮಾಡಿತು; ಅಂಥ ಸಮುದಾಯಗಳನ್ನು ಇರಿಸಿದ ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಆ ಕಾನೂನು ಪರಂಪರೆಯ ಫಲ. 1952ರಲ್ಲಿ ಕಾಯ್ದೆ ರದ್ದಾದರೂ ರೂಢಿಯ ಅಪರಾಧಿಗಳ ಕಾನೂನುಗಳು ಅದರ ಜಾಗಕ್ಕೆ ಬಂದವು. ಹಾಜರಿ ಪುಸ್ತಕ ಬರೆದವರು, ರಹದಾರಿ ಕೊಟ್ಟವರು, ವರದಿ ಸಿದ್ಧಪಡಿಸಿದವರು, ಆ ವರದಿಗಳನ್ನೇ ಆಧಾರವಾಗಿಟ್ಟುಕೊಂಡು ಪುಸ್ತಕ ಬರೆದ ವಿದ್ವಾಂಸರು, ಇವರೆಲ್ಲರ ಕೆಲಸವನ್ನು ಸಿಕೊರೆಲ್ ಮತ್ತು ಗಸ್‌ಫೀಲ್ಡ್ ಕಲಿಸಿದ ಕಣ್ಣಿನಿಂದ ಓದಬೇಕು. ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವ ನಮ್ಮ ವಿದ್ಯಾರ್ಥಿಗಳು ಆ ಕಡತಗಳಿಂದಲೇ ಶುರುಮಾಡಲಿ.