ಎಡಪ್ಪಾಡಿಯಲ್ಲಿ ಕೇಬಲ್ಲಿನ ಕಾಲ: ಕಾಸಿನ ಲೆಕ್ಕ, ನ್ಯಾಯದ ಲೆಕ್ಕ

ಎಡಪ್ಪಾಡಿಯ ನೇಕಾರರ ಬೀದಿಗಳಲ್ಲಿ ತಲೆಯೆತ್ತಿ ನಡೆದವರಿಗೆ ಮೂರು ಕಾಲದ ಗುರುತುಗಳು ಒಟ್ಟಿಗೆ ಕಾಣುತ್ತವೆ. ಹಳೆಯ ಹೆಂಚಿನ ಮನೆಗಳ ಮೇಲೆ ತುಕ್ಕು ಹಿಡಿದ ಆಂಟೆನಾ ಕಂಬ, ವಿದ್ಯುತ್ ಕಂಬದಿಂದ ಕಂಬಕ್ಕೆ ಜೋತುಬಿದ್ದ ಕಪ್ಪು ಕೇಬಲ್ ತಂತಿ, ತಾರಸಿಯ ಮೂಲೆಯಲ್ಲಿ ಡಿಶ್ ತಟ್ಟೆ. ನಾಲ್ಕನೆಯ ಕಾಲಕ್ಕೆ ಗುರುತಿಲ್ಲ. ಅದು ಮೊಮ್ಮಕ್ಕಳ ಅಂಗೈಯಲ್ಲಿದೆ. ಕೇಬಲ್ ಬಿಡಿಸಿ, ಫೋನಿನಲ್ಲಿ ಪುಕ್ಕಟೆಯಾಗಿ ಬರುವುದನ್ನೇ ನೋಡಿಕೊಂಡರೆ ಸಾಕೆಂದು ತೀರ್ಮಾನಿಸಿದ ಮನೆಗಳು ಈಗ ನಮ್ಮಲ್ಲಿ ಹೆಚ್ಚುತ್ತಿವೆ. ಇದು ಲಾಭವೇ, ಇದು ಸರಿಯೇ ಎಂದು ನಮ್ಮ ಸಂಘದ ಸದಸ್ಯರೊಬ್ಬರು ನನ್ನನ್ನು ಕೇಳಿದರು. ಇತಿಹಾಸದ ಪಾಠ ಹೇಳಿ ಬದುಕಿದವನಿಗೆ ಇಂಥ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಲು ಬರುವುದಿಲ್ಲ. ಹಿಂದಿನಿಂದ ಹೇಳಿಕೊಂಡು ಬರಬೇಕಾಗುತ್ತದೆ.

ನಮ್ಮ ಸ್ಥಿತಿ ಬೆಂಗಳೂರಿನವರದಲ್ಲ, ಮೈಸೂರಿನವರದೂ ಅಲ್ಲ. ಸೇಲಂ ಸೀಮೆಯ ದೇವಾಂಗ ಮನೆಗಳಲ್ಲಿ ಕನ್ನಡವು ಬಾಯಿಂದ ಬಾಯಿಗೆ ಉಳಿದು ಬಂದದ್ದು. ಮಕ್ಕಳು ಶಾಲೆಯಲ್ಲಿ ತಮಿಳು ಓದಿದರು, ಮಗ್ಗದ ಮುಂದೆ ಕನ್ನಡ ಆಡಿದರು. ಅಕ್ಷರ ಬಾರದವರಿಗೆ ಪುಸ್ತಕ ದೂರ, ಪತ್ರಿಕೆ ದೂರ. ಹೊರಗಿನ ಕನ್ನಡ ನಮ್ಮ ಮನೆಗೆ ಬಂದದ್ದೆಲ್ಲ ಕಿವಿಯ ಮೂಲಕ. ಆದುದರಿಂದ ಅದು ಯಾವ ದಾರಿಯಲ್ಲಿ ಬಂತು, ಅದಕ್ಕೆ ಯಾರು ಕಾಸು ಕೊಟ್ಟರು ಎಂಬುದು ನಮಗೆ ಬರಿಯ ಮನರಂಜನೆಯ ಪ್ರಶ್ನೆಯಲ್ಲ.

ಮೊದಲು ಬಂದದ್ದು ರೇಡಿಯೋ. ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ್ದು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದದ್ದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಬೆಂಗಳೂರು ಕೇಂದ್ರ 1955ರ ನವೆಂಬರಿನಲ್ಲಿ ತೆರೆಯಿತು. ನನ್ನ ಬಾಲ್ಯದಲ್ಲಿ ಬೀದಿಗೊಂದು ರೇಡಿಯೋ ಇದ್ದರೆ ಹೆಚ್ಚು. ಸಂಜೆ ಮಗ್ಗ ನಿಂತ ಮೇಲೆ ಜಗಲಿಯಲ್ಲಿ ಕುಳಿತು, ಕರಕರ ಸದ್ದಿನ ನಡುವೆ ಬೆಂಗಳೂರಿನ ಕನ್ನಡವನ್ನು ಹಿರಿಯರು ಹಿಡಿಯುತ್ತಿದ್ದರು. ಇಂದಿನ ಮಕ್ಕಳು ನಂಬಲಾರರು: ಆ ರೇಡಿಯೋ ಇಟ್ಟುಕೊಳ್ಳಲು ಸರಕಾರದ ಲೈಸೆನ್ಸ್ ಬೇಕಾಗಿತ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಪೆಟ್ಟಿಗೆಯನ್ನು ಮನೆಯಲ್ಲಿಡುವುದೇ ಅಪರಾಧ. ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸಿಕೊಂಡು ಬರಬೇಕು. ಕಟ್ಟದೆ ಕೇಳಿದವರೂ ಇದ್ದರು. ತನಿಖೆಯವರು ಬಂದರೆಂಬ ಸುದ್ದಿ ಹಬ್ಬಿದರೆ ರೇಡಿಯೋಗಳು ಹತ್ತಿಯ ನೂಲಿನ ಮೂಟೆಗಳ ಹಿಂದೆ ಅಡಗಿಕೊಳ್ಳುತ್ತಿದ್ದವು. ಕದ್ದು ಕೇಳುವ ಅಭ್ಯಾಸ ಈ ತಲೆಮಾರಿನವರು ಕಂಡುಹಿಡಿದದ್ದಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ. ಎಂಬತ್ತರ ದಶಕದ ನಡುವಿನಲ್ಲಿ ಆ ಲೈಸೆನ್ಸ್ ರದ್ದಾಯಿತು.

ದೂರದರ್ಶನದ ಕಾಲ ನಮ್ಮೂರಿನಲ್ಲಿ ಚಿಕ್ಕದು. ಅದನ್ನು ಬೇಗ ದಾಟುತ್ತೇನೆ. 1987ರ ಜನವರಿಯಲ್ಲಿ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಿಗ್ಗೆ ಮಗ್ಗಗಳು ನಿಂತವು. ಆದರೆ ಅದರಲ್ಲಿ ಕನ್ನಡವಿರಲಿಲ್ಲ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಬಂದಾಗ, ಹಿಂದಿಯಲ್ಲಿದ್ದರೂ ಅದು ನಮ್ಮದೇ ಎಂದು ಕುಳಿತು ನೋಡಿದೆವು.

ಬಳಿಕ ಬಂದದ್ದು ಕೇಬಲ್. ಅದರ ಹುಟ್ಟನ್ನು ಮುಚ್ಚಿಡದೆ ಹೇಳಬೇಕು. ಉಪಗ್ರಹ ವಾಹಿನಿಗಳು ಬರುವುದಕ್ಕೂ ಮೊದಲೇ ಊರೂರುಗಳಲ್ಲಿ ಧೈರ್ಯವಂತ ಯುವಕರು ಒಂದು ವೀಡಿಯೋ ಪೆಟ್ಟಿಗೆ ಇಟ್ಟುಕೊಂಡು, ಬಾಡಿಗೆಯ ಕ್ಯಾಸೆಟ್ ಹಾಕಿ, ತಂತಿ ಎಳೆದು ಐವತ್ತು ಮನೆಗೆ ಸಿನಿಮಾ ತೋರಿಸುತ್ತಿದ್ದರು. ಚಿತ್ರ ತೆಗೆದವನಿಗೆ ಅದರಿಂದ ಬಿಡಿಗಾಸೂ ಸಿಗುತ್ತಿರಲಿಲ್ಲ. ಮನೆಯೊಳಗೆ ನೋಡುವುದಲ್ಲವೇ ಎಂಬ ಅವರ ವಾದವನ್ನು ಬೊಂಬಾಯಿ ಹೈಕೋರ್ಟು 1989ರಲ್ಲಿ ಒಪ್ಪಲಿಲ್ಲ. ತಂತಿಯ ಮೂಲಕ ಮನೆಮನೆಗೆ ತೋರಿಸುವುದೂ ಸಾರ್ವಜನಿಕ ಪ್ರದರ್ಶನವೇ, ಅದಕ್ಕೆ ಹಕ್ಕುದಾರನ ಅನುಮತಿ ಬೇಕು ಎಂದು ಹೇಳಿತು. ಇಂದು ಪುಕ್ಕಟೆ ಆ್ಯಪ್‌ಗಳಿಂದ ತಮಗೆ ಅನ್ಯಾಯವಾಯಿತೆಂದು ಕೇಬಲ್‌ನವರು ಕೊರಗುವಾಗ ನನಗೆ ಆ ಕ್ಯಾಸೆಟ್ಟಿನ ದಿನಗಳು ನೆನಪಾಗುತ್ತವೆ. ನೆನಪಾದರೂ ಬಾಯಿಬಿಟ್ಟು ಹೇಳಲು ಮನಸ್ಸು ಬಾರದು, ಏಕೆಂದರೆ ಮುಂದೆ ಅವರು ಮಾಡಿದ ಉಪಕಾರ ಸಣ್ಣದಲ್ಲ.

1993ರಲ್ಲಿ ಸನ್ ಟೀವಿ, 1994ರಲ್ಲಿ ಉದಯ ಟೀವಿ ಬಂದವು. 1995ರ ಕೇಬಲ್ ಕಾಯಿದೆ ಈ ವೃತ್ತಿಗೆ ಚೌಕಟ್ಟು ಹಾಕಿತು. ಕೇಬಲ್ ನಡೆಸುವವನು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ರೇಡಿಯೋ ಲೈಸೆನ್ಸ್ ಕೊಡುತ್ತಿದ್ದ ಅಂಚೆಯ ಇಲಾಖೆಗೇ ಈ ಹೊಸ ಕೆಲಸವೂ ಬಂದದ್ದು ಒಂದು ಸ್ವಾರಸ್ಯ. ಅದೇ ವರ್ಷದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸೊತ್ತು ಎಂದು ತೀರ್ಪಿತ್ತಿತು. ಈ ಮಾತು ಮುಂದೆ ಬೇಕಾಗುತ್ತದೆ.

ತಮಿಳುನಾಡಿನ ಊರಿನಲ್ಲಿ ಉದಯ ಟೀವಿಯನ್ನು ಕೊಡಲೇಬೇಕೆಂದು ಕೇಬಲ್‌ನವರಿಗೆ ಯಾವ ಕಾನೂನೂ ಇರಲಿಲ್ಲ. ನಮ್ಮ ಬೀದಿಯ ಕೇಬಲ್‌ನವರು ಕೊಟ್ಟರು. ಅಜ್ಜಿಯಂದಿರು ಕೇಳಿದರು, ಅವರು ಕೊಟ್ಟರು, ಅಷ್ಟೇ. ಮೊಟ್ಟಮೊದಲ ಬಾರಿಗೆ ನಮ್ಮ ಹೆಂಗಸರು ದಿನವಿಡೀ ಕನ್ನಡ ಕೇಳಿದರು. ನಮ್ಮ ಆಡುಮಾತಿನಲ್ಲಿ ತೇಯ್ದು ಹೋಗಿದ್ದ ಎಷ್ಟೋ ಶಬ್ದಗಳು ಧಾರಾವಾಹಿಗಳಿಂದ ಮರಳಿ ಅಡಿಗೆಮನೆಗೆ ಬಂದುದನ್ನು ನಾನೇ ಕೇಳಿದ್ದೇನೆ. ಚೌಡೇಶ್ವರಿ ಅಮ್ಮನ ಹಬ್ಬದ ದಿನ ಅದೇ ಕೇಬಲ್‌ನವರು ಕ್ಯಾಮೆರಾ ತಂದು, ಅಲಗುಸೇವೆಯನ್ನು ಊರ ವಾಹಿನಿಯಲ್ಲಿ ತೋರಿಸುತ್ತಿದ್ದರು. ನಡೆಯಲಾರದ ಮುದುಕರು ಮನೆಯಲ್ಲೇ ಕುಳಿತು ಕೈಮುಗಿಯುತ್ತಿದ್ದರು. ಕೂಲಿ ಇಲ್ಲದ ತಿಂಗಳಲ್ಲಿ 'ಮುಂದಿನ ತಿಂಗಳು ಸೇರಿಸಿ ಕೊಡಿ' ಎಂದು ಹೋಗುತ್ತಿದ್ದರು. ಈ ಸಾಲಕ್ಕೆ ಬಡ್ಡಿ ಇರಲಿಲ್ಲ.

ಸರಕಾರವೂ ಈ ಕಣಕ್ಕಿಳಿಯಿತು. 2006ರ ಸೆಪ್ಟೆಂಬರಿನಲ್ಲಿ ಕಲೈಞರ್ ಕರುಣಾನಿಧಿಯವರ ಸರಕಾರ ಉಚಿತ ಬಣ್ಣದ ಟೀವಿ ಹಂಚಲಾರಂಭಿಸಿತು. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, ಇಂಥ ಭರವಸೆಯನ್ನು ಚುನಾವಣಾ ಭ್ರಷ್ಟಾಚಾರ ಎನ್ನಲಾಗದೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2007ರಲ್ಲಿ ಸರಕಾರದ್ದೇ ಅರಸು ಕೇಬಲ್ ನಿಗಮ ಹುಟ್ಟಿತು. ಜಯಲಲಿತಾ ಅವರ ಕಾಲದಲ್ಲಿ, 2011ರ ಸೆಪ್ಟೆಂಬರಿನಲ್ಲಿ, ತಿಂಗಳಿಗೆ 70 ರೂಪಾಯಿಗೆ 90 ವಾಹಿನಿ ಎಂಬ ದರದೊಂದಿಗೆ ಮರುಜೀವ ಪಡೆಯಿತು. ಆ 70ರಲ್ಲಿ 20 ರೂಪಾಯಿ ನಿಗಮಕ್ಕೆ, 50 ರೂಪಾಯಿ ತಂತಿ ಎಳೆದವನಿಗೆ. 2017ರಲ್ಲಿ ಉಚಿತ ಸೆಟ್‌ಟಾಪ್ ಬಾಕ್ಸ್ ಬಂತು. ಆಗ ಮುಖ್ಯಮಂತ್ರಿಗಳು ನಮ್ಮ ಎಡಪ್ಪಾಡಿಯವರೇ.

2019ರ ಫೆಬ್ರವರಿಯಿಂದ ಟ್ರಾಯ್ ಸಂಸ್ಥೆಯ ಹೊಸ ದರನೀತಿ ಜಾರಿಯಾಯಿತು. ಬೇಕಾದ ವಾಹಿನಿಗೆ ಮಾತ್ರ ಕಾಸು ಕೊಡಿ ಎಂಬುದು ತತ್ತ್ವ. ಮೊದಲ 100 ವಾಹಿನಿಗಳ ಜಾಲಶುಲ್ಕಕ್ಕೆ ಆಗ 130 ರೂಪಾಯಿ ಮೇರೆ ಇತ್ತು, ತೆರಿಗೆ ಸೇರಿ 153 ರೂಪಾಯಿ 40 ಪೈಸೆ; ಕಾಸಿನ ವಾಹಿನಿಗಳ ಬೆಲೆ ಬೇರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ತಮಿಳು ವಾಹಿನಿಗಳನ್ನು ಬಿಡಲಾಗದ ನಮ್ಮಂಥ ಇಬ್ಬಗೆಯ ಮನೆಗೆ ಕನ್ನಡ 'ಹೆಚ್ಚುವರಿ'ಯಾಯಿತು. ಹಿಂದೆ ಕೇಬಲ್‌ನವರ ದಾಕ್ಷಿಣ್ಯದಲ್ಲಿ ಬರುತ್ತಿದ್ದದ್ದು ಈಗ ಪಟ್ಟಿಯಲ್ಲಿ ಬೆಲೆಯೊಡನೆ ನಿಂತಿತು. ಮನೆಯ ಖರ್ಚಿನಲ್ಲಿ ಮೊದಲು ಕತ್ತರಿ ಬಿದ್ದದ್ದು ಅದಕ್ಕೇ.

ಇಷ್ಟರಲ್ಲಿ 2016ರ ಸೆಪ್ಟೆಂಬರಿನಿಂದ ಜಿಯೋ ಬಂದು ಫೋನಿನ ಡೇಟಾ ಅಗ್ಗವಾಗಿತ್ತು. 2023ರಲ್ಲಿ ಐಪಿಎಲ್ ಕ್ರಿಕೆಟ್ ಪೂರ್ತಿಯಾಗಿ ಪುಕ್ಕಟೆ ಬಂದಾಗ ನಮ್ಮ ಬೀದಿಯ ಹುಡುಗರು ಕೇಬಲ್ ಏಕೆಂದು ಕೇಳಿದರು. ಆ ಪುಕ್ಕಟೆಯ ಹಿಂದಿನ ಲೆಕ್ಕ ನೋಡಿ: ಐದು ವರ್ಷಗಳ ಡಿಜಿಟಲ್ ಹಕ್ಕಿಗೆ ಆ ಕಂಪನಿ ಕೊಟ್ಟದ್ದು 23,758 ಕೋಟಿ ರೂಪಾಯಿ. ಅಷ್ಟು ಹಣ ಸುರಿದವನು ದಾನಕ್ಕೆ ಸುರಿಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಎರಡು ದೊಡ್ಡ ಆ್ಯಪ್‌ಗಳು ಸೇರಿ ಜಿಯೋಹಾಟ್‌ಸ್ಟಾರ್ ಆದ ಬಳಿಕ ಆ ಪುಕ್ಕಟೆಗೆ ಮಿತಿ ಬಿತ್ತು. ಅದಕ್ಕೂ ಮೊದಲೇ, 2024ರ ಜುಲೈಯಲ್ಲಿ, ರೀಚಾರ್ಜ್ ದರಗಳು ಏರಿದ್ದವು. ದಿನಕ್ಕೆ ಒಂದೂವರೆ ಜಿಬಿಯ 28 ದಿನಗಳ ಯೋಜನೆ 239ರಿಂದ 299 ರೂಪಾಯಿಗೆ ಹೋಯಿತು. ವರ್ಷಕ್ಕೆ ಹದಿಮೂರು ಬಾರಿ ಹಾಕಿಸಿದರೆ 3,887 ರೂಪಾಯಿ. ಕೇಬಲ್ಲಿನ 2019ರ ಆ ಮೂಲ ಶುಲ್ಕವೋ ವರ್ಷಕ್ಕೆ 1,840 ರೂಪಾಯಿ 80 ಪೈಸೆ ಆಗುತ್ತಿತ್ತು, ಅದೂ ಇಡೀ ಮನೆಗೆ. ಫೋನಿನ ರೀಚಾರ್ಜ್ ಹೇಗೂ ಬೇಕಲ್ಲ, ಅದನ್ನು ಟೀವಿಯ ಖಾತೆಗೆ ಬರೆಯುವುದು ಸರಿಯೇ ಎಂದು ನನ್ನ ಮಗ ಆಕ್ಷೇಪಿಸಿದ. ಒಪ್ಪಿದೆ. ಆದರೆ ಮಾತನಾಡುವುದಕ್ಕಷ್ಟೇ ಆದರೆ ಮನೆಯ ನಾಲ್ಕು ಫೋನುಗಳಿಗೂ ದಿನಕ್ಕೆ ಒಂದೂವರೆ ಜಿಬಿ ಏತಕ್ಕೆ ಎಂದು ಕೇಳಿದಾಗ ಅವನೂ ಸುಮ್ಮನಾದ.

ಪುಕ್ಕಟೆ ಎಂಬ ಪದದ ವಿಷಯದಲ್ಲಿ ನಮ್ಮೂರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪೊಂಗಲ್ ಹಬ್ಬಕ್ಕೆ ಬಡವರಿಗೆ ಉಚಿತ ಸೀರೆ–ಪಂಚೆ ಕೊಡುವ ಯೋಜನೆ ಎಂ. ಜಿ. ಆರ್. ಕಾಲದ್ದು, 1983ರದ್ದು. ಪಡೆದವರಿಗೆ ಅದು ಉಚಿತ. ನೇಯ್ದ ನೇಕಾರನಿಗೆ ಕೂಲಿ ಉಂಟು, ಸರಕಾರದ ಬೊಕ್ಕಸ ಅದನ್ನು ಕೊಡುತ್ತದೆ. ವಿದ್ಯುತ್ ಮಗ್ಗಗಳಿಗೆ ಎರಡು ತಿಂಗಳಿಗೆ 1000 ಯೂನಿಟ್ ವಿದ್ಯುತ್ ಉಚಿತವಾಗಿ ಸಿಗುವುದೂ ಹಾಗೆಯೇ. ಹಾಗಾಗಿ ಫೋನಿನ ಪುಕ್ಕಟೆಯ ಬಗ್ಗೆಯೂ ನೇಕಾರ ಕೇಳಬೇಕಾದದ್ದು ಒಂದೇ: ನೇಯ್ದವನಿಗೆ ಕೂಲಿ ಸಿಕ್ಕಿತೇ?

ಈ ಪ್ರಶ್ನೆ ಇಟ್ಟು ನೋಡಿದರೆ ಪುಕ್ಕಟೆಗಳು ತಾವೇ ಬೇರೆಬೇರೆಯಾಗುತ್ತವೆ. ಯೂಟ್ಯೂಬಿನಲ್ಲಿ ನಿರ್ಮಾಪಕರೇ ಹಾಕಿದ ಹಳೆಯ ಚಿತ್ರಕ್ಕೆ ಜಾಹೀರಾತಿನವನು ಕೊಡುತ್ತಾನೆ. ಆ ಸೋಪು ಕೊಳ್ಳುವಾಗ ನಾವೂ ಕೊಡುತ್ತೇವೆ. ಅದರಲ್ಲಿ ತಪ್ಪೇನೂ ಕಾಣೆ. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಇದೆ: ತಟ್ಟೆ, ಪೆಟ್ಟಿಗೆಗೆ ಒಮ್ಮೆ ಖರ್ಚು, ಆಮೇಲೆ ತಿಂಗಳ ಬಾಡಿಗೆಯೇ ಇಲ್ಲ, ಚಂದನ ವಾಹಿನಿ ಅದರಲ್ಲಿ ಬರುತ್ತದೆ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ 'ವೇವ್ಸ್' ಎಂಬ ಆ್ಯಪ್ ಕೂಡ ತೆರೆಯಿತು. ಇವಕ್ಕೆ ನಮ್ಮ ತೆರಿಗೆಯ ಹಣ ಹೋಗುತ್ತದೆ. ಆಕಾಶದ ತರಂಗ ಜನರ ಸೊತ್ತೆಂದು ಕೋರ್ಟು ಹೇಳಿದ ಮಾತಿಗೆ ಸರಿಯಾಗಿ ನಡೆದದ್ದು ಇದೊಂದೇ ಎಂದು ನನ್ನ ಅಭಿಪ್ರಾಯ. ನಮ್ಮವರು ಇದನ್ನು ಬಡವರ ಡಿಶ್ ಎಂದು ಮೂಗು ಮುರಿಯುತ್ತಾರೆ, ಮುರಿಯಬಾರದು.

ಉಳಿದದ್ದು ಕದ್ದ ಪುಕ್ಕಟೆ. ಇಲ್ಲಿ ನಾನು ಪರರನ್ನು ದೂರುವ ಸ್ಥಾನದಲ್ಲಿಲ್ಲ. ಕನ್ನಡ ಚಿತ್ರಗಳಲ್ಲಿ ಹೆಚ್ಚಿನವು ಎಡಪ್ಪಾಡಿಯ ಚಿತ್ರಮಂದಿರಕ್ಕೆ ಬರುವುದಿಲ್ಲ. ಎರಡು ವರ್ಷದ ಹಿಂದೆ, ಬಹಳ ಕೇಳಿದ್ದ ಒಂದು ಚಿತ್ರದ ಟೆಲಿಗ್ರಾಂ ಕೊಂಡಿಯನ್ನು ಬಂಧುವೊಬ್ಬರು ಕಳಿಸಿದರು. ಮನೆಮಂದಿಯೆಲ್ಲ ಕುಳಿತು ನೋಡಿದೆವು. ನನ್ನ ಹೆಂಡತಿ ಅತ್ತಳು, ಅಷ್ಟು ಚೆನ್ನಾಗಿತ್ತು. ಚಿತ್ರ ಮುಗಿದು ಹೆಸರುಗಳು ಸಾಲಾಗಿ ಏರತೊಡಗಿದಾಗ ಮೊಮ್ಮಗಳು 'ತಾತ, ಇವರಿಗೆಲ್ಲ ನಾವು ಎಷ್ಟು ಕೊಟ್ಟೆವು?' ಎಂದು ಕೇಳಿದಳು. ಶಾಲೆಯಲ್ಲಿ ಇಂಥ ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿ ಅಭ್ಯಾಸವಾದವನಿಗೆ ಉತ್ತರ ಹೊಳೆಯಲಿಲ್ಲ.

ಕಾನೂನು ಸ್ಪಷ್ಟವಾಗಿದೆ. ತಮಿಳುನಾಡು ಸರಕಾರ 2004ರಲ್ಲಿಯೇ ವೀಡಿಯೋ ಕಳ್ಳರನ್ನು ಗೂಂಡಾ ಕಾಯಿದೆಯ ಪಟ್ಟಿಗೆ ಸೇರಿಸಿತು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಳ್ಳನಕಲು ಮಾಡುವವನಿಗೆ ಕನಿಷ್ಠ ಮೂರು ತಿಂಗಳ ಸೆರೆ, ಮೂರು ಲಕ್ಷ ರೂಪಾಯಿ ದಂಡ ವಿಧಿಸಿತು. ಆದರೆ ನನ್ನನ್ನು ನಾಚಿಸಿದ್ದು ಕಾನೂನಲ್ಲ, ಮಗ್ಗ. 1985ರಲ್ಲಿ ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟು ಕೇಂದ್ರ ಸರಕಾರ ಕಾಯಿದೆ ಮಾಡಿತು. ಆ ಅಂಚು, ಆ ಸೆರಗನ್ನು ವಿದ್ಯುತ್ ಮಗ್ಗದಲ್ಲಿ ನಕಲು ಮಾಡಿ ಅರ್ಧ ಬೆಲೆಗೆ ಮಾರಿದಾಗ ನಮ್ಮ ಹಿರಿಯರು ಎಷ್ಟು ಸಂಕಟಪಟ್ಟರೆಂಬುದನ್ನು ಕಣ್ಣಾರೆ ಕಂಡವನು ನಾನು. ಕೊಳ್ಳುವವರು ಆಗ ಹೇಳಿದ್ದೂ ಇದನ್ನೇ: ಅಸಲು ದುಬಾರಿ, ನಮಗೆ ಎಟುಕುವುದಿಲ್ಲ.

ಎಟುಕುವುದಿಲ್ಲ ಎಂಬುದು ನಮ್ಮ ವಿಷಯದಲ್ಲಿ ಸುಳ್ಳಲ್ಲ ಎಂಬುದೂ ನಿಜ. ಹೊರನಾಡಿನ ಕನ್ನಡಿಗನಿಗೆ ಕನ್ನಡ ಚಿತ್ರ ತಲಪಬೇಕಾದ ದಾರಿ ಇನ್ನೂ ಇಕ್ಕಟ್ಟಾಗಿಯೇ ಇದೆ. 2020ರ ಜುಲೈಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ 'ಲಾ', 'ಫ್ರೆಂಚ್ ಬಿರಿಯಾನಿ' ಚಿತ್ರಗಳು ನೇರವಾಗಿ ಅಮೆಜಾನ್ ಪ್ರೈಮಿನಲ್ಲಿ ಬಂದಾಗ ನಮಗೆ ದಾರಿ ತೆರೆಯಿತೆಂದು ಹಿಗ್ಗಿದೆವು. ನಾಲ್ಕು ವರ್ಷದ ಬಳಿಕ ರಕ್ಷಿತ್ ಶೆಟ್ಟಿಯವರು 'ಏಕಂ' ಎಂಬ ಕಥಾಸರಣಿಯನ್ನು ಕೊಳ್ಳುವ ವೇದಿಕೆ ಸಿಗದೆ ತಮ್ಮದೇ ಜಾಲತಾಣದಲ್ಲಿ ಕಾಸಿಗೆ ತೋರಿಸಬೇಕಾಯಿತು. ಕನ್ನಡಕ್ಕೆ ಕಾಸು ಕೊಡುವವರು ಕಡಿಮೆ ಎಂದು ಆ ದೊಡ್ಡ ಕಂಪನಿಗಳು ಎಣಿಸಿರಬಹುದು. ನಮ್ಮ ಜಗಲಿಯಲ್ಲಿ ನಾವು ಕದ್ದು ನೋಡಿದ್ದು ಅವರ ಎಣಿಕೆಯಲ್ಲಿ ಒಂದು ಸೊನ್ನೆಯಾಗಿಯೇ ಬಿದ್ದಿರುತ್ತದೆ.

ಆ ಚಿತ್ರ ಆಮೇಲೆ ಕಾಸಿನ ಆ್ಯಪ್ ಒಂದರಲ್ಲಿ ಬಂತು. ಮಗನಿಗೆ ಹೇಳಿ ಒಂದು ತಿಂಗಳ ಚಂದಾ ಕಟ್ಟಿಸಿದೆ. ಮತ್ತೆ ನೋಡಲಿಲ್ಲ, ಕಟ್ಟಿಸಿದೆ ಅಷ್ಟೇ. ಮೊಮ್ಮಗಳಿಗೆ ಅದನ್ನು ತಿಳಿಸಿದೆ. ಸಂಘದ ವಾಟ್ಸಾಪ್ ಬಳಗದಲ್ಲಿ ಇಂಥ ಕೊಂಡಿಗಳನ್ನು ಹಾಕಬಾರದೆಂದೂ, ವರ್ಷಕ್ಕೆರಡು ಕನ್ನಡ ಚಿತ್ರಗಳನ್ನು ಹಕ್ಕುದಾರರಿಂದ ಅನುಮತಿ ಪಡೆದು ನಮ್ಮ ಸಭಾಂಗಣದಲ್ಲಿ ತಲೆಗಿಷ್ಟು ಎಂದು ಹಣ ಹಾಕಿ ನೋಡೋಣವೆಂದೂ ಕಾರ್ಯಕಾರಿ ಸಮಿತಿಯಲ್ಲಿ ಸೂಚಿಸಿದ್ದೇನೆ. ಮೊದಲ ಮಾತಿಗೆ ಎಲ್ಲರೂ ಒಪ್ಪಿದರು. ಎರಡನೆಯದು ಇನ್ನೂ ಚರ್ಚೆಯಲ್ಲಿದೆ.

ಕೇಬಲ್‌ನವರು ಈಗಲೂ ತಿಂಗಳ ಮೊದಲ ವಾರ ನಮ್ಮ ಮನೆಗೆ ಬರುತ್ತಾರೆ. ಅವರ ವಯಸ್ಸೂ ಅರವತ್ತು ದಾಟಿತು. ಮಗ ಬ್ರಾಡ್‌ಬ್ಯಾಂಡ್ ತಂತಿ ಎಳೆಯುವ ಕೆಲಸಕ್ಕೆ ಸೇರಿದ್ದಾನೆ. 'ಸಾರ್, ನಿಮ್ಮ ಬೀದಿಯಲ್ಲಿ ಇನ್ನು ಆರೇ ಮನೆ' ಎಂದರು ಹೋದ ತಿಂಗಳು. ಹಣ ಕೊಟ್ಟೆ. ಈ ಸಲದ ಅಮ್ಮನ ಹಬ್ಬಕ್ಕೆ ಕ್ಯಾಮೆರಾ ತರುತ್ತೀರಾ ಎಂದು ಕೇಳಿದೆ. ತರುತ್ತೇನೆ, ಆದರೆ ಯಾರ ಮನೆಯಲ್ಲಿ ನೋಡುತ್ತಾರೆ ಎಂದು ಕೇಳಿ, ರಸೀತಿ ಹರಿದುಕೊಟ್ಟು, ಮುಂದಿನ ಮನೆಗೆ ನಡೆದರು.