ಕಡಯಂಪಟ್ಟಿಗೆ ಬಾರದ ಕನ್ನಡ ಮೇಷ್ಟ್ರು

ಕಾಸರಗೋಡಿನ ಓದುಗರಲ್ಲಿ ಹೆಚ್ಚಿನವರು ಕಡಯಂಪಟ್ಟಿಯ ಹೆಸರನ್ನು ಕೇಳಿರಲಾರರು. ಸೇಲಂನಿಂದ ಧರ್ಮಪುರಿಗೆ ಹೋಗುವಾಗ ಓಮಲೂರು ದಾಟಿ, ತೊಪ್ಪೂರು ಕಣಿವೆ ಸೇರುವ ಮೊದಲು, ಹೆದ್ದಾರಿಯಿಂದ ತುಸು ಒಳಗೆ ಇರುವ ಊರು ಅದು. ಅಲ್ಲಿನ ಒಂದು ದೇವಾಂಗ ನೇಕಾರರ ಮನೆಯಲ್ಲಿ ನಾನು ಹುಟ್ಟಿದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಕನ್ನಡವನ್ನು ಕೇಳಿದರೆ ನಿಮಗೆ ನಗು ಬಂದೀತು. ಅದರಲ್ಲಿ ಅರ್ಧ ಅಜ್ಜಿಯರ ಕಾಲದ್ದು, ಉಳಿದರ್ಧಕ್ಕೆ ತಮಿಳಿನ ಧಾಟಿ. ಚೌಡೇಶ್ವರಿಯ ಹಬ್ಬದಲ್ಲಿ, ಮದುವೆ ಮಾತುಕತೆಯಲ್ಲಿ, ಮಗ್ಗದ ಮುಂದಿನ ಜಗಳದಲ್ಲಿ ಅದು ಇಂದಿಗೂ ಜೀವಂತವಾಗಿದೆ. ಆದರೆ ನಮ್ಮ ಬೀದಿಯಲ್ಲಿ ಕನ್ನಡ ಓದಬಲ್ಲವರನ್ನು ಲೆಕ್ಕ ಹಾಕಲು ಒಂದು ಕೈಯ ಬೆರಳು ಸಾಕು. ನನಗೆ ಅಕ್ಷರ ಕಲಿಸಿದವರು ಸೋದರಮಾವ. ಬೆಂಗಳೂರಿನಲ್ಲಿ ಕೆಲವು ವರ್ಷ ನೇಯ್ಗೆ ಕೆಲಸಕ್ಕಿದ್ದು, ಬರುವಾಗ ಒಂದು ಕಾಗುಣಿತದ ಪುಸ್ತಕ ತಂದಿದ್ದರು.

ಹೀಗೇಕಾಯಿತೆಂದು ಕೇಳಿದರೆ ‘ಕನ್ನಡ ಶಾಲೆ ಇರಲಿಲ್ಲವಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಶಾಲೆಗೆ ಮೊದಲು ಮೇಷ್ಟ್ರು ಬೇಕು, ಮೇಷ್ಟ್ರಿಗೂ ಮೊದಲು ಮೇಷ್ಟ್ರನ್ನು ತಯಾರು ಮಾಡುವ ಒಂದು ಸಂಸ್ಥೆ ಬೇಕು. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದ ಬ್ಯಾಂಕ್ ಗುಮಾಸ್ತ, ಸಂಶೋಧಕನಲ್ಲ. ಆದರೂ ರಜೆಯ ದಿನಗಳಲ್ಲಿ ಓದಿದ್ದನ್ನೆಲ್ಲ ಜೋಡಿಸಿ ನೋಡಿದಾಗ, ನಿಮ್ಮ ನಾಡಿನ ಮತ್ತು ನಮ್ಮ ನಾಡಿನ ಕನ್ನಡದ ಹಣೆಬರಹ ಬೇರೆಯಾದದ್ದು ಈ ಮೂರನೆಯ ವಿಷಯದಲ್ಲಿ ಎಂದು ನನಗೆ ಅನಿಸಿದೆ.

ಮೊದಲಿಗೆ ಇಬ್ಬರಿಗೂ ಒಬ್ಬನೇ ದೊರೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಸೇಲಂ ಮತ್ತು ಬಾರಾಮಹಲ್ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಂದಾಯ ಗೊತ್ತುಮಾಡಲು ಬಂದ ಅಲೆಗ್ಸಾಂಡರ್ ರೀಡ್‌ನ ಕೈಕೆಳಗೆ ಥಾಮಸ್ ಮನ್ರೋ ಎಂಬ ಸೈನ್ಯಾಧಿಕಾರಿ ಏಳು ವರ್ಷ ಇಲ್ಲಿ ದುಡಿದ. ಧರ್ಮಪುರಿ ಅವನ ಮುಖ್ಯ ನೆಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ಮನ್ರೋವನ್ನು ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಕಳುಹಿಸಿದರು. ಎಂದರೆ ನಮ್ಮ ಹೊಲಗಳನ್ನು ಅಳೆದು ಮುಗಿಸಿದ ಮನುಷ್ಯ ನೇರವಾಗಿ ನಿಮ್ಮ ಗದ್ದೆ ತೋಟಗಳ ಲೆಕ್ಕಕ್ಕೆ ಬಂದ. 1820ರಲ್ಲಿ ಅವನೇ ಮದರಾಸಿನ ಗವರ್ನರನಾದ.

ಗವರ್ನರನಾಗಿ ಅವನು ಮಾಡಿದ ಒಂದು ಕೆಲಸ ನಮ್ಮ ವಿಷಯಕ್ಕೆ ಸೇರಿದ್ದು. 1822ರಲ್ಲಿ, ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಎಲ್ಲ ಕಲೆಕ್ಟರುಗಳಿಗೂ ಕೇಳಿ ಬರೆಸಿದ. ಸೇಲಂನಿಂದ ಅಂಕಿ ಹೋಯಿತು. ಕೆನರಾದ ಕಲೆಕ್ಟರನು ಮಾತ್ರ, ಇಲ್ಲಿ ಪಾಠ ನಡೆಯುವುದೆಲ್ಲ ಖಾಸಗಿಯಾಗಿ, ಲೆಕ್ಕ ಹಾಕುವುದು ಕಷ್ಟ ಎಂಬರ್ಥದ ಉತ್ತರ ಕೊಟ್ಟು ಅಂಕಿ ಕೊಡದೆ ಜಾರಿಕೊಂಡ. (ಗಡಿನಾಡಿನ ಕನ್ನಡದ ವಿಷಯದಲ್ಲಿ ಅಂಕಿ ಅಂಶ ಕೇಳಿದಾಗ ಜಾರಿಕೊಳ್ಳುವ ಪದ್ಧತಿ ಎಷ್ಟು ಹಳೆಯದು ನೋಡಿ.) ಬಂದ ಉತ್ತರಗಳನ್ನೆಲ್ಲ ಕೂಡಿಸಿ 1826ರ ಮಾರ್ಚ್ 10ರಂದು ಮನ್ರೋ ಒಂದು ಟಿಪ್ಪಣಿ ಬರೆದ. ಇಡೀ ಆಧಿಪತ್ಯದಲ್ಲಿ 12,498 ಶಾಲೆಗಳು, 1,88,650 ಮಕ್ಕಳು, ಜನಸಂಖ್ಯೆ 1,28,50,941. ಎಂದರೆ ಸುಮಾರು 68 ಜನರಿಗೆ ಒಬ್ಬ ವಿದ್ಯಾರ್ಥಿ.

ಸಂಬಳದ ಅಂಕಿ ಕಂಡರೆ ಕಣ್ಣು ಅಲ್ಲಿಯೇ ನಿಲ್ಲುವುದು ನನ್ನ ಕಸುಬಿನ ಗುಣ. ಹಳ್ಳಿಯ ಮೇಷ್ಟ್ರಿಗೆ ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ಹುಟ್ಟುವುದಿಲ್ಲ, ಇಷ್ಟಕ್ಕೆ ಯೋಗ್ಯರಾದವರು ಈ ಕೆಲಸಕ್ಕೆ ಬರಲಾರರು ಎಂದು ಮನ್ರೋ ಬರೆಯುತ್ತಾನೆ. ಅದಕ್ಕೆ ಅವನ ಯೋಜನೆ ಹೀಗಿತ್ತು: ಪ್ರತಿ ಕಲೆಕ್ಟರಿಯಲ್ಲಿ ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು ದೊಡ್ಡ ಶಾಲೆ, ಅಲ್ಲಿನ ಮೇಷ್ಟ್ರಿಗೆ 15 ರೂಪಾಯಿ; ಮುನ್ನೂರು ತಹಶೀಲ್ದಾರಿ ಶಾಲೆಗಳು, ಅಲ್ಲಿ 9 ರೂಪಾಯಿ; ಇವರನ್ನೆಲ್ಲ ತಯಾರು ಮಾಡಲು ಮದರಾಸಿನಲ್ಲಿ ಸ್ಕೂಲ್ ಬುಕ್ ಸೊಸೈಟಿಯ ಕೈಯಲ್ಲಿ ಒಂದು ಶಾಲೆ, ಸೊಸೈಟಿಗೆ ತಿಂಗಳಿಗೆ 700 ರೂಪಾಯಿ. ಕೂಡಿಸಿ ನೋಡಿದೆ. ವರ್ಷಕ್ಕೆ ಸರಿಯಾಗಿ 48,000. ಪಾಠ ಹೇಳುವವನಿಗೆ ಮೊದಲು ಪಾಠ ಹೇಳಬೇಕು, ಆ ಖರ್ಚನ್ನು ಸರಕಾರ ಹೊರಬೇಕು ಎಂಬ ವಿಚಾರ ಮದರಾಸು ಸರಕಾರದ ಕಡತದಲ್ಲಿ ಸಂಬಳದ ಲೆಕ್ಕದೊಂದಿಗೆ ಕಾಣಿಸಿದ್ದು ಹೀಗೆ. ಮರುವರ್ಷ, 1827ರ ಜುಲೈಯಲ್ಲಿ, ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಮನ್ರೋ ತೀರಿಕೊಂಡ. ತಹಶೀಲ್ದಾರಿ ಶಾಲೆಗಳೂ ಹೆಚ್ಚು ಕಾಲ ಬಾಳಲಿಲ್ಲ.

ವಿಚಾರ ಮತ್ತೆ ತಲೆ ಎತ್ತಿದ್ದು 1854ರ ವುಡ್‌ನ ಶಿಕ್ಷಣ ಆಜ್ಞೆಯಲ್ಲಿ. ಎರಡು ವರ್ಷಗಳೊಳಗೆ, 1856ರಲ್ಲಿ, ಮದರಾಸಿನಲ್ಲಿ ಸರಕಾರಿ ನಾರ್ಮಲ್ ಶಾಲೆ ತೆರೆಯಿತು. ಅದೇ ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜು. ಮದರಾಸು ವಿಶ್ವವಿದ್ಯಾಲಯ ಎಲ್.ಟಿ. ಎಂಬ ಪದವಿಯನ್ನು ತಂದಿತು. ಅದು ಕಾಲಾಂತರದಲ್ಲಿ ಬಿ.ಟಿ. ಆಗಿ, ಬಿ.ಎಡ್. ಆಯಿತು. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಎಂ.ಎ. ಮುಗಿಸಿ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದ ಮೇಲೂ ಸೈದಾಪೇಟೆಗೆ ಹೋಗಿ ಎಲ್.ಟಿ. ತರಬೇತಿ ಪಡೆಯಬೇಕಾಯಿತು. ಎಂಥ ಪಂಡಿತನಾದರೂ ತರಬೇತಿಯ ಚೀಟಿ ಬೇಕು ಎಂಬ ನಿಯಮ ಆಗಲೇ ಅಷ್ಟು ಗಟ್ಟಿಯಾಗಿತ್ತು. ಅದರ ಕೆಳಗೆ ಪ್ರಾಥಮಿಕ ಶಾಲೆಗಳಿಗೆಂದು ಎಲಿಮೆಂಟರಿ, ಹೈಯರ್ ಎಲಿಮೆಂಟರಿ, ಸೆಕೆಂಡರಿ ಗ್ರೇಡ್ ಎಂಬ ಮೆಟ್ಟಿಲುಗಳು.

ಈ ವ್ಯವಸ್ಥೆಯ ಒಂದು ಗುಣವನ್ನು ನಾವು ಮರೆತಿದ್ದೇವೆ. ಆಧಿಪತ್ಯ ಒಂದೇ ಆದ್ದರಿಂದ ಸರ್ಟಿಫಿಕೇಟೂ ಒಂದೇ. ಮಂಗಳೂರಿನಲ್ಲಿ ಕನ್ನಡದಲ್ಲಿ ತರಬೇತಿ ಮುಗಿಸಿದವನ ಚೀಟಿ ಕಾಸರಗೋಡಿನಲ್ಲಿ ನಡೆಯುವಂತೆ ಕೊಳ್ಳೇಗಾಲದಲ್ಲೂ ಹೊಸೂರಿನಲ್ಲೂ ನಡೆಯುತ್ತಿತ್ತು. ಹೈಸ್ಕೂಲಿನ ಕನ್ನಡ ಪಂಡಿತರಿಗೆ ಬೇರೊಂದು ದಾರಿ ಇತ್ತು, ಮದರಾಸು ವಿಶ್ವವಿದ್ಯಾಲಯದ ‘ವಿದ್ವಾನ್’ ಪರೀಕ್ಷೆ. ಕಾಲೇಜಿಗೆ ಹೋಗಲು ಕೈಯಲ್ಲಿ ಕಾಸಿಲ್ಲದವರಿಗೆ ಇದು ದೊಡ್ಡ ಆಸರೆ. ಕಯ್ಯಾರ ಕಿಞ್ಞಣ್ಣ ರೈಗಳು ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ ಓದಿ, ಕನ್ನಡ ವಿದ್ವಾನ್ ಆಗಿ, ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾದದ್ದು ನಿಮಗೆ ಗೊತ್ತೇ ಇದೆ. 1969ರಲ್ಲಿ ಅವರಿಗೆ ರಾಷ್ಟ್ರದ ಉತ್ತಮ ಅಧ್ಯಾಪಕ ಪ್ರಶಸ್ತಿ ಬಂತು. ನೀರ್ಚಾಲಿನಂಥ ಒಂದು ಊರಿನಲ್ಲಿ ಒಂದು ಪಾಠಶಾಲೆ, ಮದರಾಸಿನಲ್ಲಿ ಒಂದು ಪರೀಕ್ಷೆ, ಈ ಎರಡರ ನಡುವೆ ಒಂದು ಇಡೀ ತಲೆಮಾರಿನ ಕನ್ನಡ ಮೇಷ್ಟ್ರುಗಳು ತಯಾರಾದರು. ಸೇಲಂ ಸೀಮೆಗೂ ಅದೇ ಪರೀಕ್ಷೆ ತೆರೆದಿತ್ತು. ಆದರೆ ನಮ್ಮಲ್ಲಿ ನೀರ್ಚಾಲು ಇರಲಿಲ್ಲ.

1956ರ ನವೆಂಬರ್ 1ರಂದು ಆ ಒಂದು ಸರ್ಟಿಫಿಕೇಟು ಹಂಚಿಹೋಯಿತು. ಮಂಗಳೂರು, ಕೊಳ್ಳೇಗಾಲ ಮೈಸೂರಿಗೆ, ಕಾಸರಗೋಡು ಕೇರಳಕ್ಕೆ, ಹೊಸೂರು, ತಾಳವಾಡಿ, ನಮ್ಮ ಕಡೆಯ ಚದುರಿದ ಕನ್ನಡ ಮನೆಗಳು ಮದರಾಸು ರಾಜ್ಯದಲ್ಲಿಯೇ. ಗಡಿಯ ವಿಷಯ ಬಂದಾಗ ನಾವು ತಾಲೂಕು, ಹೊಳೆ, ಮಹಾಜನ ವರದಿ ಎಂದೆಲ್ಲ ಮಾತನಾಡುತ್ತೇವೆ. ಟ್ರೈನಿಂಗ್ ಶಾಲೆ ಯಾವ ಪಾಲಿಗೆ ಹೋಯಿತೆಂದು ಕೇಳಿದವರು ಕಡಿಮೆ. ಕನ್ನಡದಲ್ಲಿ ಮೇಷ್ಟ್ರನ್ನು ತಯಾರು ಮಾಡುವ ಮಂಗಳೂರು ಒಂದೇ ರಾತ್ರಿಯಲ್ಲಿ ನಿಮಗೂ ನಮಗೂ ಪರರಾಜ್ಯವಾಯಿತು. ನಿಮ್ಮಲ್ಲಿ ಆಗಲೇ ಶಾಲೆಗಳಿದ್ದವು, ಮೇಷ್ಟ್ರುಗಳಿದ್ದರು, ಒಂದೇ ಕಡೆ ನೆಲೆಸಿದ ಜನರಿದ್ದರು. ಆದ್ದರಿಂದ ಕೇರಳ ಸರಕಾರ ಕನ್ನಡಕ್ಕೆಂದೇ ತರಬೇತಿ ಏರ್ಪಡಿಸಲೇಬೇಕಾಯಿತು. ಮಾಯಿಪ್ಪಾಡಿಯಲ್ಲಿ ಇಂದಿಗೂ ಕನ್ನಡದಲ್ಲಿ ಅಧ್ಯಾಪಕ ತರಬೇತಿ ಇದೆ ಎಂದರೆ ಕಡಯಂಪಟ್ಟಿಯವನಾದ ನನಗೆ ಅದು ಅರಮನೆಯ ಸುದ್ದಿಯಂತೆ ಕೇಳಿಸುತ್ತದೆ. (ಅಲ್ಲಿ ನಿಜವಾಗಿಯೂ ಒಂದು ಅರಮನೆ ಇದೆಯಂತೆ, ಇರಲಿ.)

ಕಾನೂನು ಏನು ಹೇಳಿತು? 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಭೆ ಒಂದು ನಿರ್ಣಯ ಮಾಡಿತ್ತು. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಅಧ್ಯಾಪಕನನ್ನು ನೇಮಿಸಬೇಕು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ‘ಸಾಕಷ್ಟು ಸೌಲಭ್ಯ’ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆನ್ನುವ ಆ ವಿಧಿಯಲ್ಲಿ ‘ಅಧ್ಯಾಪಕ’ ಎಂಬ ಪದವೇ ಇಲ್ಲ. ಹಳೆಯ ನಿರ್ಣಯದಲ್ಲಿ ಅಧ್ಯಾಪಕನಿದ್ದಾನೆ, ಆದರೆ ಅವನು ಎಲ್ಲಿ ತಯಾರಾಗಿ ಬರಬೇಕೆಂಬ ಮಾತಿಲ್ಲ. ನಮ್ಮ ಬೀದಿಯಲ್ಲಿ ಹತ್ತು ಮಕ್ಕಳು ಖಂಡಿತ ಇದ್ದೆವು. ಕನ್ನಡ ಕಲಿಸಬೇಕೆಂದು ಹಿರಿಯರು ಅರ್ಜಿ ಬರೆದಿದ್ದರೂ, ಸರಕಾರ ಒಪ್ಪಿದ್ದರೂ, ಆ ಕುರ್ಚಿಯಲ್ಲಿ ಕೂರಿಸಲು ಮನುಷ್ಯ ಬೇಕಿತ್ತಲ್ಲ!

ಇದು ನನಗೆ ಅರ್ಥವಾದದ್ದು ಪದವಿ ಮುಗಿದ ಮೇಲೆ. 1997ರಲ್ಲಿ ಸೇಲಂನಲ್ಲಿ ಪೆರಿಯಾರ್ ವಿಶ್ವವಿದ್ಯಾಲಯ ಆರಂಭವಾಗಿತ್ತು. ಅದರ ಅಡಿಯಲ್ಲಿಯೇ ನಾನು ಬಿ.ಎ. ಮಾಡಿದೆ. ಬಿ.ಎಡ್. ಮಾಡಿ ಹೊಸೂರು ಕಡೆಯ ಕನ್ನಡ ಶಾಲೆಯೊಂದಕ್ಕೆ ಸೇರಬೇಕೆಂಬ ಆಸೆ ಇತ್ತು. ಒಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದಾಗ ಅಲ್ಲಿದ್ದವರು ಸಮಾಧಾನವಾಗಿಯೇ ವಿವರಿಸಿದರು: ಕನ್ನಡ ಬೋಧನೆಯನ್ನು ವಿಷಯವಾಗಿ ಆರಿಸಬೇಕಾದರೆ ಪದವಿಯಲ್ಲಿ ಕನ್ನಡ ಓದಿರಬೇಕು. ಪದವಿಯಲ್ಲಿ ಕನ್ನಡ ಬೇಕಾದರೆ ಹೈಯರ್ ಸೆಕೆಂಡರಿಯಲ್ಲಿ, ಅದಕ್ಕೆ ಮೊದಲು ಹೈಸ್ಕೂಲಿನಲ್ಲಿ, ಅದಕ್ಕೂ ಮೊದಲು ಒಂದನೇ ತರಗತಿಯಲ್ಲಿ. ಒಂದನೇ ತರಗತಿಗೆ ಕನ್ನಡ ಮೇಷ್ಟ್ರು ಬೇಕಾದರೆ ನನ್ನಂಥವನು ಯಾರಾದರೂ ತರಬೇತಿ ಪಡೆದಿರಬೇಕು. ಗಾಣದ ಎತ್ತು ತಿರುಗಿದಂತೆ ಮತ್ತೆ ಅಲ್ಲಿಗೇ. ನಾನು ಬ್ಯಾಂಕ್ ಪರೀಕ್ಷೆ ಬರೆದೆ. ಈಗ ತಿಂಗಳ ಮೊದಲ ವಾರ ಮೇಷ್ಟ್ರುಗಳು ಪಾಸ್‌ಬುಕ್ ಹಿಡಿದು ನನ್ನ ಕೌಂಟರಿಗೆ ಬರುತ್ತಾರೆ.

ಅಲ್ಲಿಂದೀಚೆಗೆ ಮೆಟ್ಟಿಲುಗಳು ಹೆಚ್ಚಿವೆ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯಂತೆ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿ ಏರುತ್ತಾ 2016ರ ಹೊತ್ತಿಗೆ ಹತ್ತನೆಯ ತರಗತಿಯ ಪರೀಕ್ಷೆಗೆ ಬಂತು. ಭಾಷಾ ಅಲ್ಪಸಂಖ್ಯಾತರು ವರ್ಷ ವರ್ಷವೂ ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ತಮಿಳು ಕಲಿಯುವುದರಲ್ಲಿ ನನಗೆ ತಕರಾರಿಲ್ಲ, ನಾನು ಅನ್ನ ತಿನ್ನುವುದೇ ಆ ಭಾಷೆಯಿಂದ. ಆದರೆ ಮಕ್ಕಳು ಕನ್ನಡ ಬಿಟ್ಟಂತೆ ಕನ್ನಡ ಹುದ್ದೆ ಹೋಗುತ್ತದೆ, ಹುದ್ದೆ ಹೋದಂತೆ ಆ ತರಬೇತಿಗೆ ಯಾರೂ ಸೇರುವುದಿಲ್ಲ.

ಇತ್ತ ದೇಶಕ್ಕೆಲ್ಲ ಒಂದೇ ಅಳತೆ ಬಂತು. ಎನ್.ಸಿ.ಟಿ.ಇ. 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯಂತೆ ಒಂದರಿಂದ ಐದರವರೆಗೆ ಕಲಿಸಲು ಎರಡು ವರ್ಷದ ಡಿಪ್ಲೊಮಾ, ಜೊತೆಗೆ ಅರ್ಹತಾ ಪರೀಕ್ಷೆ, ಅಂದರೆ ಟೆಟ್. ಬಿ.ಎಡ್. ಇದ್ದವರು ಪ್ರಾಥಮಿಕ ತರಗತಿಗೆ ಸಲ್ಲರೆಂದು ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿತು. ಟೆಟ್‌ನಲ್ಲಿ 150 ಪ್ರಶ್ನೆಗಳು, ಮೊದಲ ಭಾಷೆಗೆ 30. ತಮಿಳುನಾಡಿನ ಟೆಟ್‌ನಲ್ಲೂ ಕೇರಳದ ಕೆ-ಟೆಟ್‌ನಲ್ಲೂ ಆ ಮೊದಲ ಭಾಷೆಯಾಗಿ ಕನ್ನಡವನ್ನು ಆರಿಸಬಹುದು. ಇದು ಒಳ್ಳೆಯದೇ. ಆದರೆ ತೇರ್ಗಡೆಗೆ ಸಾಮಾನ್ಯ ವರ್ಗದವರಿಗೆ ಬೇಕಾದದ್ದು ಒಟ್ಟಿನಲ್ಲಿ 90. ಮೂವತ್ತು ಪ್ರಶ್ನೆಯ ಕನ್ನಡ, ಕನ್ನಡದಲ್ಲಿಯೇ ಗಣಿತ ವಿಜ್ಞಾನ ವಿವರಿಸುವ ಕಸುಬಿಗೆ ಸಮನಲ್ಲ. ಆ ಕಸುಬು ಬರುವುದು ತರಬೇತಿ ಶಾಲೆಯ ಎರಡು ವರ್ಷಗಳಲ್ಲಿ, ಕನ್ನಡ ತರಗತಿಯ ಮುಂದೆ ನಿಂತು, ಹಿರಿಯ ಮೇಷ್ಟ್ರ ಕಣ್ಣೆದುರು. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದರೆಂದು ನಿಮ್ಮ ಕಡೆಯ ಮಕ್ಕಳೂ ಪೋಷಕರೂ ಪ್ರತಿಭಟಿಸಿದ ಸುದ್ದಿಗಳನ್ನು ಓದಿದ್ದೇನೆ. ಬಂದವರ ಕೈಯಲ್ಲಿಯೂ ಸರ್ಟಿಫಿಕೇಟು ಇದ್ದೇ ಇರುತ್ತದೆ. ಮೈಸೂರಿನ ಭಾರತೀಯ ಭಾಷೆಗಳ ಸಂಸ್ಥೆಯ ಕೇಂದ್ರದಲ್ಲಿ ಹತ್ತು ತಿಂಗಳ ಕೋರ್ಸು ಮಾಡಿ ಕನ್ನಡ ಕಲಿಯಲು ಅನ್ಯಭಾಷಾ ಅಧ್ಯಾಪಕರಿಗೆ ಬಹುಕಾಲದಿಂದ ಅವಕಾಶವಿದೆ. ಹಾಗೆ ಕಲಿತವರನ್ನು ನಾನು ಗೌರವಿಸುತ್ತೇನೆ. ಆದರೆ ಹತ್ತು ತಿಂಗಳಲ್ಲಿ ಭಾಷೆ ಬಂದೀತು, ಅದರಲ್ಲಿ ಮಗುವನ್ನು ಗದರಿಸಿ ಮುದ್ದಿಸಲು ಸಾಲದು.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಅಧ್ಯಾಪಕರೂ ಎರಡು ವರ್ಷದೊಳಗೆ ಟೆಟ್ ಪಾಸು ಮಾಡಬೇಕು. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಇದು ಅನ್ವಯವೇ ಎಂಬ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟ್ರೊಬ್ಬರು ಮೊನ್ನೆ ಕೌಂಟರಿನಲ್ಲಿ ನಿಂತು, ‘ಏನಪ್ಪಾ, ಮಗನ ಜೊತೆ ಕೂತು ನಾನೂ ಓದಬೇಕಾಗಿದೆ’ ಎಂದರು. ದೊಡ್ಡ ಭಾಷೆಯ ಶಾಲೆಯಲ್ಲಿ ಒಬ್ಬರು ಹೋದರೆ ಹತ್ತು ಜನ ಸಾಲಿನಲ್ಲಿರುತ್ತಾರೆ. ಕನ್ನಡದ ಒಂದು ಹುದ್ದೆ ಖಾಲಿಯಾದರೆ ತುಂಬಲು ಜನ ಎಲ್ಲಿಂದ?

ಆದ್ದರಿಂದ ಕಾಸರಗೋಡಿನವರಲ್ಲಿ ನನ್ನದೊಂದು ವಿಚಾರಣೆ. ಶಾಲೆಗೆ ಎಷ್ಟು ಮಕ್ಕಳು ಸೇರಿದರೆಂದು ಜೂನ್ ತಿಂಗಳಲ್ಲಿ ಎಲ್ಲರೂ ಲೆಕ್ಕ ಹಾಕುತ್ತೀರಿ. ಕನ್ನಡ ಅಧ್ಯಾಪಕ ತರಬೇತಿಗೆ ಆ ವರ್ಷ ಎಷ್ಟು ಜನ ಸೇರಿದರು, ಎಷ್ಟು ಸೀಟು ಖಾಲಿ ಉಳಿಯಿತು ಎಂಬ ಲೆಕ್ಕವನ್ನು ಈ ಸಂಚಿಕೆಯ ಸಂಪಾದಕರು ಮುಂದಿನ ವರ್ಷದಿಂದ ಅಚ್ಚು ಹಾಕಿಸುವರೇ? ಇನ್ನೊಂದು ಕೋರಿಕೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನದೋ ದೊಡ್ಡಪ್ಪನದೋ 1956ಕ್ಕೆ ಹಿಂದಿನ ಟ್ರೈನಿಂಗ್ ಸರ್ಟಿಫಿಕೇಟು, ವಿದ್ವಾನ್ ಪತ್ರ ಇದ್ದರೆ ಒಂದು ನಕಲು ಮಾಡಿ ಸಂಪಾದಕರಿಗೆ ಕಳುಹಿಸಿಕೊಡಿ. ಮದರಾಸಿನ ಮುದ್ರೆಯಿರುವ ಕನ್ನಡ ಮೇಷ್ಟ್ರ ಚೀಟಿಯನ್ನು ನಮ್ಮ ಬೀದಿಯಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ.